ನಾಲ್ಕನೇ ನಂಬರಿನ ಬಾಟ್ಲಿ

ನನ್ನ ತಂಗಿ ಗಂಡನ್ನ ನಾನು ಯಾವತ್ತೂ ನಂಬಿದೋಳಲ್ಲ. ಇದನ್ನ ಮೊದಲೇ ಹೇಳ್ಬಿಡ್ತೀನಿ, ಆಮೇಲೆ ಮುಚ್ಚಿಟ್ಟಳು ಅನ್ನೋ ಮಾತು ಬೇಡ. ಎದುರಿಗೆ ‘ನೀವು’ ಅಂತಿದ್ದೆ, ಬೆನ್ನ ಹಿಂದೆ ‘ಅವನು’ ಅಂತಿದ್ದೆ. ಮದುವೆಯಾಗಿ ಇಪ್ಪತ್ತೆರಡು ವರ್ಷ ಆಯ್ತು, ಅವರ ಮನೇಲಿ ಒಂದು ಲೋಟ ನೀರು ಕುಡಿದಿಲ್ಲ ನಾನು. ಹೋಗೋವಾಗ ನನ್ನ ನೀರು ನನ್ನ ಬ್ಯಾಗಲ್ಲೇ ಇರುತ್ತೆ. ಯಾಕೆ ಅಂದ್ರೆ ಅವನು ಕೊಳಚೆ ನೀರಿನ ಪಂಪ್‌ಹೌಸಲ್ಲಿ ಆಪರೇಟರ್. ಊರಿನ ಹೊಲಸೆಲ್ಲ ಅವನ ಪಂಪ್ ದಾಟಿಯೇ ಹೋಗಬೇಕು. ಸಂಜೆ ಮನೆಗೆ ಬಂದು ಅದೇ ಕೈಯಲ್ಲಿ ಲೋಟ ಹಿಡೀತಾನೆ. ಸೋಪು ಹಾಕ್ತಾನೆ, ಇಲ್ಲ ಅನ್ನಲ್ಲ. ಸೋಪು ಏನು ಮಹಾ!

ನಾನು ಆಸ್ಪತ್ರೆ ಆಪರೇಷನ್ ಥಿಯೇಟರಲ್ಲಿ ಮೂವತ್ತೊಂದು ವರ್ಷ ಇದ್ದೋಳು. ಡಾಕ್ಟರ್ ಅಲ್ಲ, ನರ್ಸೂ ಅಲ್ಲ. ಕತ್ತರಿ, ಚಿಮುಟ, ಟ್ರೇ ಎಲ್ಲ ಉಜ್ಜಿ, ತೊಳೆದು, ಕುದಿಸಿ, ಬಟ್ಟೇಲಿ ಸುತ್ತಿ ಕೊಡೋ ಕೆಲಸ. ನನ್ನ ಕೈ ದಾಟಿ ಹೋದ ಸಾಮಾನಿಂದ ಒಬ್ಬ ರೋಗಿಗೂ ಕೀವು ಆಗಿಲ್ಲ. ಈ ಮಾತನ್ನ ನಾನು ವಾರಕ್ಕೊಂದು ಸಲ ಯಾರಿಗಾದ್ರೂ ಹೇಳ್ತಾನೇ ಇರ್ತೀನಿ. ನಮ್ಮ ಓಣಿಯವರು ನನಗೆ ಬ್ಲೀಚಮ್ಮ ಅಂತ ಹೆಸರಿಟ್ಟಿದ್ದಾರೆ. ಇಟ್ಕೊಳ್ಳಲಿ. ಬ್ಲೀಚಿಂಗ್ ಪೌಡರ್ ವಾಸನೆ ಬಂದ್ರೆ ನನಗೆ ಮನಸ್ಸು ತಣ್ಣಗಾಗುತ್ತೆ, ಸುಳ್ಳು ಯಾಕೆ ಹೇಳಲಿ.

ಚಂಡಮಾರುತ ಬಂದಿದ್ದು ಒಂದು ಮಂಗಳವಾರ. ಎರಡು ದಿನ ನದಿ ನಮ್ಮ ರಸ್ತೇಲೇ ಹರೀತು. ಮೂರನೇ ದಿನ ಇಳೀತು, ಮೊಣಕಾಲುದ್ದ ಕೆಸರು ಬಿಟ್ಟು ಹೋಯ್ತು. ದಡದ ಮರಗಳ ಮೇಲೆ ಯಾರ್‍ಯಾರದೋ ಪರದೆ, ಹಾಸಿಗೆಯ ಹತ್ತಿ, ಪ್ಲಾಸ್ಟಿಕ್ ಚೀಲ ನೇತಾಡ್ತಿತ್ತು. ಹೈಸ್ಕೂಲಲ್ಲಿ ವಿಜ್ಞಾನ ಹೇಳಿಕೊಡೋ ಮೇಡಂ ಒಬ್ರು ಮನೆಮನೆಗೆ ಹೋಗಿ ಜನ ಸೇರಿಸಿದ್ರು. ಬೆಳಗ್ಗೆ ಎರಡು ಗಂಟೆ ದಡ ಚೊಕ್ಕ ಮಾಡೋದು, ಜೊತೆಗೆ ನದಿ ನೀರು ಪರೀಕ್ಷೆ ಮಾಡ್ತಾ ಇರೋದು, ಇದು ಅವರ ಯೋಜನೆ. ನಾನು ಮೊದಲನೇ ದಿನವೇ ರಬ್ಬರ್ ಗ್ಲೌಸ್ ಹಾಕ್ಕೊಂಡು ಹಾಜರ್.

ನಮ್ಮ ಜೊತೆ ಒಬ್ಬ ಬಡಗಿ ಇದ್ದ, ಅರವತ್ತು ದಾಟಿದೋನು, ಬಾಯಿಗೆ ಬಿಡುವಿಲ್ಲ. ಕೆಸರಿಂದ ಚೌಕಟ್ಟಿನ ಸಮೇತ ಒಂದು ಬಾಗಿಲು ಎಳೆದಾಗ, “ಇದು ನಾನೇ ಮಾಡಿದ್ದು ಕಣ್ರೀ! ಕೀಲು ನೋಡಿ, ಮನೆಯೇ ಬಿಟ್ಟು ಬಂದಿದೆ, ಚೌಕಟ್ಟು ಬಿಟ್ಟಿಲ್ಲ!” ಅಂತ ಕುಣಿದಾಡಿದ. ಆ ಬಾಗಿಲನ್ನೇ ದೋಣಿ ಶೆಡ್ಡಿನ ಗೋಡೆಗೆ ಒರಗಿಸಿ, ಕಪ್ಪು ಬಣ್ಣ ಬಳಿದು ಬೋರ್ಡ್ ಮಾಡಿಕೊಟ್ಟ. ಅದರ ಮೇಲೆ ಸೀಮೆಸುಣ್ಣದಲ್ಲಿ ಆರು ಮನೆ. ನದಿಯ ಆರು ಜಾಗಕ್ಕೆ ಆರು ನಂಬರ್.

ಪರೀಕ್ಷೆ ಸುಲಭ. ಮೇಡಂ ಹತ್ರ ಹೆಬ್ಬೆರಳು ಗಾತ್ರದ ಶೀಶೆಗಳಿದ್ವು, ತಳದಲ್ಲಿ ಚೂರು ಪುಡಿ. ಗೆರೆವರೆಗೂ ನದಿ ನೀರು ಹಾಕಿ ಎರಡು ದಿನ ಇಡೋದು. ಕೊಳಚೆ ಕ್ರಿಮಿ ಇದ್ರೆ ನೀರು ಕಪ್ಪಾಗುತ್ತೆ, ಇಲ್ಲದಿದ್ರೆ ಇದ್ದ ಹಾಗೇ ಇರುತ್ತೆ. ಆರು ಜಾಗಕ್ಕೆ ಆರು ಜನ, ಒಬ್ಬೊಬ್ಬರಿಗೆ ಎರಡೆರಡು ಗಾಜಿನ ಬಾಟ್ಲಿ. ಬಾಟ್ಲಿ ಮನೇಲಿ ಕುದಿಸಿ ತರಬೇಕು, ದಡದಲ್ಲಿ ನದಿ ನೀರನ್ನೇ ಹಾಕಿ ಮೂರು ಸಲ ಕುಲುಕಿ ಚೆಲ್ಲಬೇಕು, ನಾಲ್ಕನೇ ಸಲ ತುಂಬಿ ಮುಚ್ಚಬೇಕು. ಮೇಡಂ ಇದನ್ನ ಮಕ್ಕಳಿಗೆ ಪಾಠ ಹೇಳೋ ಹಾಗೆ ನಮ್ಮೆಲ್ಲರಿಂದ ಬಾಯಿಪಾಠ ಮಾಡಿಸಿದ್ರು.

ನಾಲ್ಕನೇ ನಂಬರ್ ಪಂಪ್‌ಹೌಸಿನ ಕೆಳಗೆ. ಅದನ್ನ ಕೇಳಿ ತಗೊಂಡೋನು ನನ್ನ ತಂಗಿ ಗಂಡ. “ಹೇಗಿದ್ರೂ ಅಲ್ಲೇ ಇರ್ತೀನಲ್ಲ” ಅಂದ. ನನಗೆ ಆವಾಗಲೇ ಮೂಗು ಚುರುಕಾಯ್ತು. ಯಾಕೆ ಅಂದ್ರೆ ಪ್ರವಾಹದಲ್ಲಿ ಮುಳುಗಿದ ಪಂಪನ್ನ ನಾಲ್ಕೇ ದಿನದಲ್ಲಿ ರಿಪೇರಿ ಮಾಡಿ, ‘ಎಲ್ಲ ಸರಿಯಾಗಿದೆ’ ಅಂತ ಆಫೀಸಿಗೆ ಬರೆದು ಸಹಿ ಹಾಕಿದೋನು ಅವನೇ. ಅಲ್ಲಿ ನೀರು ಕಪ್ಪಾದ್ರೆ ಅವನ ಸಹಿಯ ಮರ್ಯಾದೆ ಏನಾಗಬೇಕು?

ಅಲ್ಲಿ ಇನ್ನೊಂದು ದೊಡ್ಡ ವಿಷಯ ಇತ್ತು. ಪಂಪ್‌ಹೌಸ್ ಓಣೀಲಿ ನಲವತ್ತು ಮನೆ, ನನ್ನ ತಂಗಿ ಮನೆಯೂ ಸೇರಿ. ಅವರ ನಲ್ಲಿ ಪೈಪ್ ಒಡೆದು ಟ್ಯಾಂಕರ್ ನೀರೇ ಗತಿ, ಅದೂ ದಿನ ಬಿಟ್ಟು ದಿನ. ದಡದಲ್ಲಿ ಒಂದು ಹಳೇ ಬಾವಿ ಇದೆ, ಆಫೀಸಿನವರು ಅದರ ಮುಚ್ಚಳಕ್ಕೆ ಬೀಗ ಹಾಕಿಸಿದ್ರು. ಬಾವಿಗೆ ನೀರು ಒಸರೋದು ನದಿಯಿಂದ. ಹಾಗಾಗಿ ನಾಲ್ಕನೇ ನಂಬರಿನ ನೀರು ಮೂರು ಸಲ ಕಪ್ಪಾಗದೇ ಇದ್ರೆ ಮುಚ್ಚಳ ತೆಗೀಬಹುದು ಅಂತ ತೀರ್ಮಾನ ಆಗಿತ್ತು. ಬೀಗದ ಕೈ ಯಾರ ಹತ್ರ? ಪಂಪ್ ಆಪರೇಟರ್ ಹತ್ರ! ಕೇಳಬೇಕಾ.

ಇವನ ಬಾಟ್ಲಿ ತೊಳೆಯೋದನ್ನ ಮಾತ್ರ ನಾನು ಇವನ ಕೈಗೆ ಬಿಡಲಿಲ್ಲ. ಕೊಳಚೇಲಿ ಆಡಿದ ಕೈ, ಬಾಟ್ಲಿ ಎಷ್ಟು ಚೊಕ್ಕ ಮಾಡೀತು? ಮೇಡಂಗೆ ಹೇಳೋಕೆ ಹೋಗಲಿಲ್ಲ, ಇದು ನಮ್ಮ ಮನೆ ವಿಷಯ. ಎರಡೂ ಬಾಟ್ಲೀನ ನಮ್ಮ ಮನೆಗೆ ತಂದು, ಬ್ಲೀಚಿಂಗ್ ಪೌಡರ್ ಗಟ್ಟಿಯಾಗಿ ಕಲಸಿದ ನೀರಲ್ಲಿ ರಾತ್ರಿಯಿಡೀ ನೆನೆಸಿ, ಬ್ರಷ್ ಹಾಕಿ ಉಜ್ಜಿ ಇಡ್ತಿದ್ದೆ. ಆಮೇಲೆ ನಲ್ಲಿ ನೀರಲ್ಲಿ ತೊಳೀತಿರಲಿಲ್ಲ, ಪ್ರವಾಹ ಆದ್ಮೇಲೆ ನಲ್ಲೀನೂ ನಾನು ನಂಬ್ತಿರಲಿಲ್ಲ. ತಳದಲ್ಲಿ ಒಂದು ಗುಟುಕು ಬ್ಲೀಚ್ ನೀರು ಉಳಿಸಿ ಮುಚ್ಚಳ ಬಿಗಿದು, ಮೊದಲ ಸಲ ಅವನ ಕೈಗೇ ಕೊಟ್ಟೆ, ಆಮೇಲೆ ಬೆಳಗಿನ ಜಾವವೇ ಶೆಡ್ಡಲ್ಲಿ ಅವನಿಗೆ ಅಂತ ಇಟ್ಟು ಬರ್ತಿದ್ದೆ.

“ಇದನ್ನ ಚೆಲ್ಲಿ, ಹಾಗೇ ನದಿ ನೀರು ತುಂಬಿ. ಮೂರು ಸಲ ಕುಲುಕೋದೆಲ್ಲ ನಿಮಗೆ ಬೇಡ. ನೀವು ಮುಟ್ಟಿದಷ್ಟೂ ಹೊಲಸು” ಅಂತ ಮುಖಕ್ಕೆ ಹೇಳಿದ್ದೆ.

“ಆಯ್ತು ಅತ್ತಿಗೆ” ಅಂದ. ಅವನ ಬಾಯಿಂದ ಬರೋದೇ ಅಷ್ಟು.

ಮೊದಲನೇ ಪರೀಕ್ಷೆ. ಒಂದು, ಎರಡು, ಮೂರು ಕಪ್ಪು. ಐದು, ಆರು ಕಪ್ಪು. ನಾಲ್ಕು ತಿಳಿ. ಎರಡನೇ ಪರೀಕ್ಷೆ. ಮೂರರಲ್ಲಿ ಕಪ್ಪು, ಐದರಲ್ಲಿ ಇದ್ದಿಲು, ನಡುವೆ ನಾಲ್ಕು ಮಾತ್ರ ತೊಳೆದ ಮುತ್ತು! ಪಂಪ್‌ಹೌಸ್ ಓಣಿಯವರು ಚಪ್ಪಾಳೆ ತಟ್ಟಿದ್ರು. ಮೇಡಂ ಕನ್ನಡಕ ಏರಿಸಿ ಎರಡು ಸಲ ನೋಡಿ, “ವಿಚಿತ್ರ” ಅಂದ್ರು, ಅಷ್ಟೇ. ನಾನು ಮಾತ್ರ ಅವನ ಮುಖ ನೋಡ್ತಾ ಇದ್ದೆ. ಅವನು ಖುಷಿ ಪಡಲಿಲ್ಲ, ಆಶ್ಚರ್ಯಾನೂ ಪಡಲಿಲ್ಲ. ಭಾರ ಇಳಿಸಿದೋನ ಹಾಗೆ ಒಂದು ಉಸಿರು ಬಿಟ್ಟ. ಕಳ್ಳ! ಅಂದ್ಕೊಂಡೆ. ಮೇಲೆ ಕಪ್ಪು, ಕೆಳಗೆ ಕಪ್ಪು, ಮಧ್ಯೆ ತಿಳಿ, ಇದ್ಯಾವ ಸೀಮೆ ನದಿ?

ಬುಧವಾರ ಬೆಳಗ್ಗೆ ಮೂರನೇ ಸಲದ ನೀರು ತರೋ ದಿನ. ನಾನು ಅರ್ಧ ಗಂಟೆ ಮುಂಚೆ ಹೋಗಿ ಪಂಪ್‌ಹೌಸ್ ಎದುರು ಬೋರಲಾಗಿ ಬಿದ್ದಿದ್ದ ದೋಣಿ ಹಿಂದೆ ಕೂತೆ. ಕಣ್ಣಿಗೆ ಎಣ್ಣೆ ಬಿಟ್ಕೊಂಡು ಕಾದೆ. ದೋಣಿ ತುಂಬ ಇರುವೆ, ಪಾದದಿಂದ ಹತ್ತಿ ಮೊಣಕಾಲವರೆಗೂ ಕಚ್ಚಿದ್ವು. ಹಲ್ಲು ಕಚ್ಚಿ ಕೂತೆ. ಬಂದ. ಆ ಕಡೆ ಈ ಕಡೆ ನೋಡಿದ. ನದಿ ಕಡೆ ಹೋಗಲೇ ಇಲ್ಲ! ಖಾಲಿ ಬಾಟ್ಲಿ ಹಿಡ್ಕೊಂಡು ಸೀದಾ ಪಂಪ್‌ಹೌಸ್ ಒಳಗೆ ಹೋಗಿ ಬಾಗಿಲು ಮುಂದೆ ಮಾಡ್ಕೊಂಡ. ನಾಲ್ಕು ನಿಮಿಷ. ಹೊರಗೆ ಬಂದಾಗ ಬಾಟ್ಲಿ ತುಂಬಿತ್ತು, ಅಂಗಿ ತುದೀಲಿ ಒರೆಸ್ತಾ ಇದ್ದ. ನದಿ ಇರೋದು ಹೊರಗೆ, ಬಾಟ್ಲಿ ತುಂಬಿದ್ದು ಒಳಗೆ. ಒಳಗೆ ಏನಿದೆ? ಕೈ ತೊಳೆಯೋ ನಲ್ಲಿ. ಆ ಕಟ್ಟಡಕ್ಕೆ ಬೇರೆ ಲೈನು, ಅದು ಒಡೆದಿರಲಿಲ್ಲ. ನನ್ನ ಎದೆ ಡವಡವ ಅಂತಿತ್ತು, ಸಂತೋಷಕ್ಕೆ.

ಅಷ್ಟಕ್ಕೇ ನಿಲ್ಲಲಿಲ್ಲ. ಅವನು ಕಟ್ಟಡದ ಹಿಂದೆ ಹೋಗಿ, ನೆಲದ ಮೇಲಿದ್ದ ಒಂದು ತಗಡು ಎತ್ತಿ ಕೆಳಗೆ ಇಣುಕಿ ನೋಡಿ, ಮತ್ತೆ ಮುಚ್ಚಿ ಕಲ್ಲು ಹೇರಿದ. ಅವನು ಅತ್ತ ಹೋದ ಮೇಲೆ ನಾನು ಹೋಗಿ ಎತ್ತಿ ನೋಡಿದೆ. ಸೊಂಟದುದ್ದದ ಗುಂಡಿ. ಹೊಸದಾಗಿ ಅಗೆದದ್ದು, ಅರ್ಧಕ್ಕೇ ಬಿಟ್ಟದ್ದು.

ಶೆಡ್ಡಿಗೆ ಬಂದಾಗ ಬಡಗಿ ನನ್ನ ಕಾಲು ನೋಡಿ, “ಏನು ಬ್ಲೀಚಮ್ಮ, ಇರುವೆಗಳಿಗೂ ಪರೀಕ್ಷೆ ಮಾಡಿಸಿಕೊಂಡ್ರಾ?” ಅಂದ.

“ನಿಮ್ಮ ಕೆಲಸ ನೀವು ನೋಡ್ಕೊಳ್ಳಿ” ಅಂದೆ. ನನ್ನ ತಂಗಿ ಗಂಡ ಬಾಟ್ಲಿ ಮೇಜಿನ ಮೇಲಿಟ್ಟ. “ಎಲ್ಲಿ ತುಂಬಿದ್ರಿ?” ಅಂತ ಏನೂ ಗೊತ್ತಿಲ್ಲದೋಳ ಹಾಗೆ ಕೇಳಿದೆ.

“ನದೀಲಿ ಅತ್ತಿಗೆ. ಇನ್ನೆಲ್ಲಿ?”

ಕಣ್ಣು ಮಿಟುಕಿಸದೆ ಹೇಳಿದ. ಎಂಥಾ ಘಾಟಿ!

ಗುರುವಾರ ತಂಗಿ ಮನೆಗೆ ಹೋದೆ. ಹೊರಗಿನ ಕಟ್ಟೆ ಮೇಲೆ ಒದ್ದೆ ಪುಸ್ತಕ, ಒದ್ದೆ ದಿಂಬು ಒಣಗ್ತಾ ಇತ್ತು. ಗೋಡೇಲಿ ನನ್ನ ಎದೆ ಎತ್ತರಕ್ಕೆ ನೀರು ನಿಂತ ಗೆರೆ. ತಂಗಿ ಆ ಗೆರೇನ ಬಟ್ಟೇಲಿ ಉಜ್ತಾ ಇದ್ಲು. ಅವಳು ನನಗಿಂತ ಎಂಟು ವರ್ಷ ಚಿಕ್ಕೋಳು. ಅಮ್ಮ ಹೋದ ಮೇಲೆ ನಾನೇ ಸಾಕಿದ್ದು. ಅವಳ ತಲೆ ಬಾಚಿದ್ದು, ಜ್ವರಕ್ಕೆ ಪಟ್ಟಿ ಹಾಕಿದ್ದು, ಸ್ಕೂಲಿಗೆ ಬಿಟ್ಟಿದ್ದು ಎಲ್ಲ ನಾನು. ಮದುವೆ ಮಾತ್ರ ಅವಳಿಷ್ಟ. ‘ಬೇಡ ಕಣೇ, ಅವನ ಕೆಲಸ ನೋಡೇ’ ಅಂತ ಆವತ್ತೇ ಅಂದಿದ್ದೆ. ಕೇಳಲಿಲ್ಲ.

ಸುತ್ತು ಬಳಸಿ ಹೇಳೋದು ನನಗೆ ಬರಲ್ಲ. “ನಿನ್ನ ಗಂಡ ನಲ್ಲಿ ನೀರು ತುಂಬಿ ನದಿ ನೀರು ಅಂತ ತಂದು ಕೊಡ್ತಾ ಇದ್ದಾನೆ. ನಾನೇ ಕಣ್ಣಾರೆ ನೋಡಿದೆ” ಅಂದೆ.

ತಂಗಿ ಬಟ್ಟೆ ಕೆಳಗಿಟ್ಲು. “ಅಕ್ಕ, ಇದು ಅತಿಯಾಯ್ತು.”

“ಸಹಿ ಉಳಿಸಿಕೊಳ್ಳೋಕೆ ಮಾಡ್ತಿದ್ದಾನೆ. ಪಂಪ್ ಸರಿಯಾಗಿಲ್ಲ. ಹಿಂದೆ ಗುಂಡಿ ತೋಡಿ ಮುಚ್ಚಿಟ್ಟಿದ್ದಾನೆ. ನಾಡಿದ್ದು ಮೂರನೇ ಸಲವೂ ತಿಳಿ ಬಂದ್ರೆ ಬಾವಿ ತೆಗೀತಾರೆ. ನೀವೆಲ್ಲ ಕುಡೀತೀರಿ. ಓಣೀಲಿ ಕೈಗೂಸುಗಳು ಎಷ್ಟಿವೆ ಲೆಕ್ಕ ಹಾಕು.”

“ಇಪ್ಪತ್ತೆರಡು ವರ್ಷದಿಂದ ಅವರ ಬಗ್ಗೆ ಒಂದು ಒಳ್ಳೇ ಮಾತು ನಿನ್ನ ಬಾಯಲ್ಲಿ ಬಂದಿಲ್ಲ” ಅಂದ್ಲು. “ನನ್ನ ಮನೇಲಿ ಒಂದು ಲೋಟ ನೀರು ಕುಡಿಯಲ್ಲ ನೀನು. ನಾನು ನುಂಗಿಕೊಂಡೇ ಬಂದೆ. ಈಗ ಕಳ್ಳ ಅಂತೀಯಾ? ಅವರು ತಂದ ನೀರು ಸುಳ್ಳಲ್ಲ. ಬೇಕಾದ್ರೆ ನಾನೇ ತೋರಿಸ್ತೀನಿ. ನೀನು ಹೋಗು ಅಕ್ಕ. ಸುಮ್ಮನೆ ಹೋಗು.”

ಹೋದೆ. ನನಗೂ ರೋಷ ಇಲ್ವಾ? ದಾರಿಯುದ್ದಕ್ಕೂ ಬಡಬಡಿಸ್ತಾ ಹೋದೆ. ಹೇಗೆ ತೋರಿಸ್ತಾಳೆ ಅಂತ ಕೇಳೋ ಬುದ್ಧಿ ಬರಲಿಲ್ಲ ನನಗೆ.

ನನ್ನ ಹತ್ರ ಇದ್ದಿದ್ದು ಅನುಮಾನ, ಪುರಾವೆ ಅಲ್ಲ. ಅದೂ ಶುಕ್ರವಾರ ಸಿಕ್ತು. ಮೇಡಂ ಟ್ಯಾಂಕರ್ ನೀರು ನೋಡೋವಾಗ ಒಂದು ಸಣ್ಣ ಬಾಟ್ಲಿಯಿಂದ ಎರಡು ಹನಿ ಹಾಕ್ತಿದ್ರು. ನೀರಿಗೆ ಬ್ಲೀಚಿಂಗ್ ಬಿದ್ದಿದ್ರೆ ಹಳದಿ ಆಗುತ್ತೆ, ಇಲ್ಲಾಂದ್ರೆ ಇಲ್ಲ. ನಲ್ಲಿ ನೀರು ಹಳದಿ ಆಗುತ್ತೆ, ಟ್ಯಾಂಕರ್ ನೀರು ಹಳದಿ ಆಗುತ್ತೆ. ನದಿಗೆ ಯಾರು ಬ್ಲೀಚಿಂಗ್ ಹಾಕ್ತಾರೆ? ನದಿ ನೀರು ಹಳದಿ ಆಗೋ ಹಾಗೇ ಇಲ್ಲ. ಸಿಕ್ಕಿಬಿದ್ದ, ಅಂದ್ಕೊಂಡೆ. ಆ ರಾತ್ರಿ ಚೆನ್ನಾಗಿ ನಿದ್ದೆ ಮಾಡಿದೆ.

ಶನಿವಾರ ಬೆಳಗ್ಗೆ ಶೆಡ್ಡಿನ ಮುಂದೆ ಓಣಿಯವರು ಕೊಡ, ಬಕೆಟ್, ಹಗ್ಗ ಹಿಡ್ಕೊಂಡು ಸೇರಿದ್ರು. ಮೇಡಂ ಮೂರನೇ ಸಲದ ಶೀಶೆಗಳನ್ನ ಸಾಲಾಗಿ ಇಟ್ರು. ಐದು ಕಪ್ಪು. ನಾಲ್ಕನೇದು ತಿಳಿ. “ಹೋ!” ಅಂತ ಕೂಗು ಎದ್ದಿತು. ನನ್ನ ತಂಗಿ ಗಂಡ ತಡವಾಗಿ ಬಂದ, ನಾಲ್ಕನೇ ಸಲದ ನೀರು ಹಿಡ್ಕೊಂಡು. ಗಡ್ಡ ಕೆರೆದಿಲ್ಲ, ಕಣ್ಣು ಕೆಂಪು. ನನ್ನ ಕಡೆ ನೋಡಲಿಲ್ಲ. ತಂಗಿ ಜೊತೇಲಿ ಇರಲಿಲ್ಲ.

“ಅವಳೆಲ್ಲಿ?” ಅಂದೆ.

“ಮನೇಲಿದ್ದಾಳೆ. ಹುಷಾರಿಲ್ಲ” ಅಂದ, ತಗ್ಗಿದ ದನಿಯಲ್ಲಿ.

ಹುಷಾರಿಲ್ಲವಂತೆ! ನನ್ನ ಮುಖ ನೋಡೋಕೆ ಆಗದೆ ಮನೇಲಿ ಕೂತಿದ್ದಾಳೆ, ಇಲ್ಲಾ ಇವನೇ ಬರಬೇಡ ಅಂದಿದ್ದಾನೆ ಅಂದ್ಕೊಂಡೆ. ಅವನು ಜೇಬಿಂದ ಬಾವಿ ಬೀಗದ ಕೈ ತೆಗೆದು ಮೇಡಂ ಮುಂದೆ ಇಟ್ಟ. “ನನಗೆ ಮನಸ್ಸಿಲ್ಲ ಮೇಡಂ. ಇನ್ನೊಂದು ವಾರ ನೋಡೋಣ” ಅಂದ. ಓಣಿಯವರು ಗಲಾಟೆ ಶುರು ಮಾಡಿದ್ರು, ಮಾತು ಕೊಟ್ಟು ತಪ್ಪಬಹುದಾ ಅಂತ. ನಾನು ಇದನ್ನೂ ನಾಟಕ ಅಂತಲೇ ತಿಳ್ಕೊಂಡೆ.

“ಒಂದ್ನಿಮಿಷ!” ಅಂದೆ. ಅವನು ಆಗತಾನೇ ತಂದ ಬಾಟ್ಲಿಯಿಂದ ಒಂದು ಲೋಟಕ್ಕೆ ನೀರು ಬಗ್ಗಿಸಿ, ಮೇಡಂ ಅವರ ಆ ಸಣ್ಣ ಬಾಟ್ಲಿಯಿಂದ ಎರಡು ಹನಿ ಹಾಕಿದೆ. ಎಲ್ಲರೂ ನೋಡ್ತಾ ಇದ್ದ ಹಾಗೇ ನೀರು ಹಳದಿ ಆಯ್ತು. ನಿಂಬೆ ಹಣ್ಣಿನ ಹಳದಿ.

“ಇದು ನದಿ ನೀರಾ?” ಅಂತ ಲೋಟ ಎತ್ತಿ ಹಿಡಿದೆ. “ಇದು ನಲ್ಲಿ ನೀರು! ಬುಧವಾರ ಪಂಪ್‌ಹೌಸ್ ಒಳಗೆ ಹೋಗಿ ತುಂಬಿಕೊಂಡು ಬಂದಿದ್ದನ್ನ ನಾನೇ ನೋಡಿದ್ದೀನಿ. ನಾಲ್ಕು ಸಲವೂ ನಮ್ಮ ಕಣ್ಣಿಗೆ ಮಣ್ಣೆರಚಿದ್ದಾರೆ ಇವರು. ಇದನ್ನ ನಂಬಿ ಬಾವಿ ನೀರು ಮಕ್ಕಳಿಗೆ ಕುಡಿಸ್ತೀರಾ?”

ಒಬ್ಬ ಹೆಂಗಸು, “ಥೂ, ನಮ್ಮ ಓಣಿಯಲ್ಲೇ ಇದ್ದುಕೊಂಡು!” ಅಂದ್ಲು. ಬೈಗುಳ ಸುರೀತು. ಅವನು ಆ ಹಳದಿ ಲೋಟಾನೇ ನೋಡ್ತಾ ನಿಂತಿದ್ದ. ಮುಖದಲ್ಲಿ ಕೋಪ ಇರಲಿಲ್ಲ. ಲೆಕ್ಕ ತಪ್ಪಿದ ಹುಡುಗನ ಹಾಗೆ, ಎಲ್ಲಿ ತಪ್ಪಿತು ಅಂತ ಹುಡುಕೋ ಮುಖ.

“ನಾನು ನದೀಲೇ ತುಂಬಿದ್ದು” ಅಂದ. “ಬನ್ನಿ, ತೋರಿಸ್ತೀನಿ.”

ಎಲ್ಲರೂ ಹೋದ್ವಿ. ಪಂಪ್‌ಹೌಸ್ ಒಳಗೆ, ಪಂಪಿನ ಹಿಂದೆ, ನದಿ ಕಡೆಗೊಂದು ಕಬ್ಬಿಣದ ಬಾಗಿಲು. ತೆಗೆದ. ಕೆಳಗೆ ಒಂದು ಏಣಿ ಸೀದಾ ನೀರಿಗೆ ಇಳಿದಿತ್ತು. “ಹೊರಗಿನ ಮೆಟ್ಟಿಲು ಕೊಚ್ಚಿ ಹೋಯ್ತಲ್ಲ, ಇಲ್ಲಿಂದಲೇ ಇಳೀಬೇಕು” ಅಂದ. ನನಗೆ ಒಂಥರಾ ಆಯ್ತು. ಆದ್ರೂ ಬಿಡಲಿಲ್ಲ. “ಏಣಿ ಇದ್ರೆ ನಲ್ಲಿ ಇಲ್ಲ ಅಂತ ಆಯ್ತಾ? ಈಗ ತುಂಬಿ ನೋಡೋಣ, ನಮ್ಮ ಮುಂದೆ” ಅಂದೆ. ಮುಂದಿನ ಸಲಕ್ಕೆ ಅಂತ ತೊಳೆದಿಟ್ಟಿದ್ದ ಅವನ ಇನ್ನೊಂದು ಬಾಟ್ಲಿ ನನ್ನ ಬ್ಯಾಗಲ್ಲೇ ಇತ್ತು. ನಾನೇ ತೆಗೆದು ಕೊಟ್ಟೆ.

ಅವನು ಏಣಿ ಇಳಿದ. ಮುಚ್ಚಳ ತೆಗೆದ, ತಳದಲ್ಲಿದ್ದ ಗುಟುಕು ನೀರು ಚೆಲ್ಲಿದ, ನದಿಗೆ ಬಾಟ್ಲಿ ಮುಳುಗಿಸಿ ತುಂಬಿ, ಮುಚ್ಚಿ, ಮೇಲೆ ಬಂದ. ನಾನು ಹೇಳಿಕೊಟ್ಟಿದ್ದನ್ನ ಒಂದು ಕೂದಲೂ ಆಚೀಚೆ ಆಗದ ಹಾಗೆ ಮಾಡಿದ. ಮೇಡಂ ಲೋಟಕ್ಕೆ ಬಗ್ಗಿಸಿ ಎರಡು ಹನಿ ಹಾಕಿದ್ರು.

ಹಳದಿ.

ಮೂವತ್ತು ಜನರ ಕಣ್ಣ ಮುಂದೆ ನದಿಯಿಂದ ತಂದ ನೀರು, ಹಳದಿ. ಮೇಡಂ ಹುಬ್ಬು ಗಂಟಾಯ್ತು. “ಮೂರು ಸಲ ಕುಲುಕಿ ಚೆಲ್ಲಬೇಕು ಅಂದಿದ್ದೆನಲ್ಲ, ಯಾಕೆ ಚೆಲ್ಲಲಿಲ್ಲ ನೀವು?” ಅಂತ ಅವನನ್ನ ಕೇಳಿದ್ರು.

ಅವನು ನನ್ನ ಕಡೆ ನೋಡಿದ. ಒಂದೇ ಒಂದು ಸಲ. ಆಮೇಲೆ ತಲೆ ತಗ್ಗಿಸಿ, “ತಪ್ಪಾಯ್ತು ಮೇಡಂ” ಅಂದ.

“ಮತ್ತೆ ಮೊದಲು ಚೆಲ್ಲಿದ್ದು ಏನು? ಬಾಟ್ಲಿ ಖಾಲಿ ಇರಲಿಲ್ವಾ?” ಮೇಡಂ ಬಾಟ್ಲಿ ಮುಚ್ಚಳ ಮೂಗಿನ ಹತ್ರ ಹಿಡಿದ್ರು. ನಾನು ಮೂಸಿ ನೋಡಬೇಕಾಗಿರಲಿಲ್ಲ. ನನ್ನ ಕೈಯಿಂದಲೂ ಅದೇ ವಾಸನೆ ಬರ್ತಾ ಇತ್ತು. ಮೂವತ್ತೊಂದು ವರ್ಷದಿಂದ ಮನಸ್ಸು ತಣ್ಣಗೆ ಮಾಡಿದ ವಾಸನೆ ಆವತ್ತು ಕೈಕಾಲು ತಣ್ಣಗೆ ಮಾಡ್ತು. ಕ್ರಿಮಿ ಸಾಯಲಿ ಅಂತಲೇ ಬಾಟ್ಲೀಲಿ ಬಿಟ್ಟಿದ್ದೆ. ಸತ್ತಿದ್ವು. ನದಿಯ ಕ್ರಿಮಿ ಎಲ್ಲ ಶೀಶೆಗೆ ಬರೋ ಮುಂಚೆ ನನ್ನ ಬ್ಲೀಚಿಂಗಲ್ಲೇ ಸತ್ತಿದ್ವು. ನಾಲ್ಕನೇ ನಂಬರ್ ತಿಳಿಯಾಗಿ ಕಂಡಿದ್ದು ಅದಕ್ಕೇ.

ಅವನು ಬಾಯಿ ಬಿಟ್ಟು ‘ಅತ್ತಿಗೆ ಹೇಳಿದ್ರು’ ಅಂತ ಒಂದು ಮಾತು ಹೇಳಿದ್ರೆ ಮುಗೀತಿತ್ತು. ಹೇಳಲಿಲ್ಲ. ಆ ಬೈಗುಳವನ್ನೆಲ್ಲ ಹೊತ್ತುಕೊಂಡು ಹಾಗೇ ನಿಂತಿದ್ದ.

“ನಾನು” ಅಂದೆ. “ಬಾಟ್ಲಿ ತೊಳೆದೋಳು ನಾನು. ಬ್ಲೀಚಿಂಗ್ ಬಿಟ್ಟೋಳು ನಾನು. ಕುಲುಕಬೇಡಿ ಅಂತ ಅವರಿಗೆ ಹೇಳಿದೋಳೂ ನಾನೇ.”

ಮೇಡಂ ತಮ್ಮ ಸ್ವಂತ ಬಾಟ್ಲಿ ಇಳಿಸಿ, ಮೂರು ಸಲ ಕುಲುಕಿ ಚೆಲ್ಲಿ, ತುಂಬಿ ತರಿಸಿದ್ರು. ಹನಿ ಹಾಕಿದ್ರೆ ಬಣ್ಣ ಬದಲಾಗಲಿಲ್ಲ. ಅದನ್ನ ಶೀಶೆಗೆ ಹಾಕಿಟ್ರು. ಎರಡು ದಿನ ಆದ್ಮೇಲೆ ಅದು ಎಲ್ಲಕ್ಕಿಂತ ಕಪ್ಪಗಾಯ್ತು, ಆದ್ರೆ ನನಗೆ ಅದನ್ನ ನೋಡೋವರೆಗೂ ಕಾಯಬೇಕಾಗಿರಲಿಲ್ಲ. ಶೆಡ್ಡಿಗೆ ವಾಪಸ್ ಬಂದು ಬೋರ್ಡಿನ ಮೇಲೆ ನಾಲ್ಕನೇ ಮನೆಯ ‘ತಿಳಿ, ತಿಳಿ, ತಿಳಿ’ ಅನ್ನೋದನ್ನ ಅಂಗೈಯಲ್ಲೇ ಒರೆಸಿ, ‘ಬಾಟ್ಲಿ ತೊಳೆದವಳ ತಪ್ಪು’ ಅಂತ ದೊಡ್ಡದಾಗಿ ಬರೆದೆ. ಬಡಗಿ ಪಕ್ಕದಲ್ಲಿ ನಿಂತು ಓದಿದ. ಬ್ಲೀಚಮ್ಮ ಅಂತ ಕರೀಲಿಲ್ಲ. ಕರೆದಿದ್ರೆ ವಾಸಿ ಇತ್ತು.

ನನ್ನ ತಂಗಿ ಗಂಡ ಪಂಪ್‌ಹೌಸ್ ಹಿಂದೆ ತಗಡು ಎತ್ತಿ, ಸನಿಕೆ ಹಿಡಿದು ಗುಂಡಿಗೆ ಇಳೀತಾ ಇದ್ದ. ಹತ್ರ ಹೋದೆ.

“ಕೊಳಚೆ ಪೈಪಿನ ಕೀಲು ಸೋರ್ತಿದೆ ಅಂತ ನನಗೆ ಅನುಮಾನ ಇತ್ತು ಅತ್ತಿಗೆ” ಅಂದ, ನನ್ನ ಮುಖ ನೋಡದೆ. “ಸಹಿ ಹಾಕಿದ ಮೇಲೆ ಬಂದ ಅನುಮಾನ. ಆಫೀಸಿಗೆ ಹೇಳೋ ಮುಂಚೆ ನೋಡೋಣ ಅಂತ ಅಗೆಯೋಕೆ ಶುರು ಮಾಡಿದ್ದೆ. ಬೋರ್ಡಲ್ಲಿ ಎರಡು ಸಲ ತಿಳಿ ಬಂತಲ್ಲ. ನಿಮ್ಮ ಕೈಯಲ್ಲಿ ಆದ ಕೆಲಸ, ತಪ್ಪಿರಲ್ಲ ಅಂತ ನಿಲ್ಲಿಸಿಬಿಟ್ಟೆ.”

“ಹಾಗಿದ್ರೆ ಇವತ್ತು ಯಾಕೆ ಬೀಗ ತೆಗೀಬೇಡಿ ಅಂದ್ರಿ?”

ಸನಿಕೆ ನಿಂತಿತು. “ಗುರುವಾರ ಸಂಜೆ ಅವಳು ಬಾವಿ ನೀರು ಸೇದಿ ಕುಡಿದಿದ್ದಾಳೆ. ಬೀಗದ ಕೈ ಮನೇಲೇ ಮೊಳೆಗೆ ನೇತುಹಾಕಿದ್ದೆ. ನಿನ್ನೆಯಿಂದ ವಾಂತಿ, ಭೇದಿ. ರಾತ್ರಿ ಡಾಕ್ಟರ್ ಬಂದು ಇಂಜೆಕ್ಷನ್ ಕೊಟ್ಟು ಹೋದ್ರು. ನಿಮಗೆ ಹೇಳಬೇಡಿ ಅಂತ ಆಣೆ ಹಾಕಿಸಿಕೊಂಡ್ಲು.”

ಹೇಗೆ ಹೋದೆನೋ ಗೊತ್ತಿಲ್ಲ, ಕೆಸರಲ್ಲಿ ಚಪ್ಪಲಿ ಬಿಟ್ಟು ಹೋದೆ. ತಂಗಿ ಒಳಗಿನ ಕೋಣೇಲಿ ಚಾಪೆ ಮೇಲೆ ಮಲಗಿದ್ಲು, ಮಂಚ ಇನ್ನೂ ಹೊರಗೆ ಒಣಗ್ತಾ ಇತ್ತು. ತುಟಿ ಒಡೆದಿತ್ತು, ಕಣ್ಣು ಗುಳಿ ಬಿದ್ದಿತ್ತು. ತಲೆ ಹತ್ರ ಉಪ್ಪು ಸಕ್ಕರೆ ನೀರಿನ ಲೋಟ, ಮುಟ್ಟಿರಲಿಲ್ಲ. ನಾನು ಪಕ್ಕದಲ್ಲಿ ಕೂತು ಹಣೆ ಮುಟ್ಟಿದ ತಕ್ಷಣ ಅವಳಿಗೆ ಅಳು ಬಂತು.

“ನೀನು ಹೇಳಿದ್ದೇ ನಿಜ ಅಕ್ಕ” ಅಂದ್ಲು. “ಅವರು ನಲ್ಲಿ ನೀರೇ ತುಂಬಿದ್ದು. ಇಲ್ಲದಿದ್ರೆ ನನಗೆ ಹೀಗಾಗ್ತಿತ್ತಾ? ಅವರ ಮೇಲಿನ ನಂಬಿಕೆಗೆ ಅಂತ ಕುಡಿದೆ, ನಿನಗೆ ತೋರಿಸೋಕೆ ಅಂತ. ಬೆಳಗ್ಗೆಯಿಂದ ಅವರ ಕೈಯಲ್ಲಿ ಏನೂ ತಗೊಂಡಿಲ್ಲ ನಾನು. ಮುಖ ನೋಡೋಕೆ ಆಗ್ತಿಲ್ಲ. ನೀನು ಮೊದಲಿಂದ ಹೇಳ್ತಾನೇ ಇದ್ದೆ. ನಾನೇ ದಡ್ಡಿ.”

ಈ ಮಾತು ಅವಳ ಬಾಯಲ್ಲಿ ಬರಲಿ ಅಂತ ನಾನು ಇಪ್ಪತ್ತೆರಡು ವರ್ಷ ಕಾದಿದ್ದೆ. ಬಂತು. ಸುಮ್ಮನೆ ಕೂತಿದ್ರೆ ಸಾಕಾಗಿತ್ತು, ಅವಳು ನನ್ನವಳಾಗ್ತಿದ್ಲು. ಒಂದು ಗಳಿಗೆ ಸುಮ್ಮನೆ ಕೂತಿದ್ದೂ ನಿಜ. ಅದನ್ನೂ ಹೇಳ್ಬಿಡ್ತೀನಿ.

“ಇಲ್ಲ ಕಣೇ” ಅಂದೆ. “ಅವರು ನದಿ ನೀರೇ ತಂದಿದ್ದು. ನಾಲ್ಕು ಸಲವೂ. ಬಾಟ್ಲೀಲಿ ಬ್ಲೀಚಿಂಗ್ ಬಿಟ್ಟಿದ್ದು ನಾನು. ಅವರ ಕೈ ಹೊಲಸು ಅಂತ ನಾನೇ ತೊಳೆದೆ, ನಾನೇ ಕೆಡಿಸಿದೆ. ಊರ ಮುಂದೆ ಅವರನ್ನ ಕಳ್ಳ ಅಂದೆ. ನನ್ನ ಹೆಸರು ಹೇಳಲಿಲ್ಲ ಅವರು. ನಿನಗೆ ಹೀಗಾಗಿದ್ದು ನನ್ನಿಂದ.”

ಅವಳು ಬೈಯಲಿ ಅಂತ ಕಾದೆ. ಬೈಯಲಿಲ್ಲ. ನನ್ನ ಕೈಯನ್ನ ಹಣೆ ಮೇಲಿಂದ ಮೆಲ್ಲಗೆ ತೆಗೆದಿಟ್ಟು, “ಅವರನ್ನ ಕರಿ” ಅಂದ್ಲು.

ಅವನು ಆಗಲೇ ಬಂದು ಹಿತ್ತಲ ಬಾಗಿಲಲ್ಲಿ ಕೈ ಕಾಲು ತೊಳೀತಾ ಇದ್ದ. ಅವರು ಒಳಗೆ ಬಂದ್ರು. ಹೌದು, ‘ಬಂದ್ರು’ ಅಂತಲೇ ಹೇಳ್ತೀನಿ ಇನ್ನು. ಉಪ್ಪು ಸಕ್ಕರೆ ನೀರಿನ ಲೋಟ ಎತ್ತಿ, ತಂಗಿ ತಲೆ ಹಿಂದೆ ಒಂದು ಕೈ ಕೊಟ್ಟು ಹಿಡಿದ್ರು. ತಂಗಿ ಕುಡಿದ್ಲು. ಪೂರ್ತಿ ಕುಡಿದ್ಲು. ಇಬ್ಬರೂ ನನ್ನ ಕಡೆ ನೋಡಲಿಲ್ಲ. ನಾನು ಅಲ್ಲಿ ಇದ್ದಿದ್ದು ಜಾಸ್ತಿ ಅನ್ನಿಸ್ತು, ಆದ್ರೂ ಎದ್ದು ಹೋಗಲಿಲ್ಲ.

“ನನಗೂ ಒಂದು ಲೋಟ ನೀರು ಕೊಡಿ” ಅಂದೆ.

ಅವರಿಗೆ ಅರ್ಥ ಆಗಲಿಲ್ಲ. “ನಿಮ್ಮ ಬಾಟ್ಲಿ ಬ್ಯಾಗಲ್ಲೇ ಇದೆಯಲ್ಲ ಅತ್ತಿಗೆ” ಅಂದ್ರು, ಬ್ಯಾಗ್ ಎತ್ತಿ ಕೊಡೋಕೆ ಬಗ್ಗಿದ್ರು.

“ಇರಲಿ. ನಿಮ್ಮನೇದು ಕೊಡಿ.”

ಅಡುಗೆಮನೇಲಿ ಕುದಿಸಿ ಆರಿಸಿದ ನೀರು ಪಾತ್ರೇಲಿತ್ತು. ಅವರು ಗೂಡಿಂದ ಒಂದು ಲೋಟ ತೆಗೆದು ತೊಳೆದ್ರು. ನನ್ನ ಮುಖ ನೋಡಿ, ಮತ್ತೊಂದು ಸಲ ತೊಳೆದ್ರು. ಉಗುರಿನ ಸಂದೀಲಿ ಗುಂಡಿಯ ಕೆಸರು ಇನ್ನೂ ಇತ್ತು. ಮೂರನೇ ಸಲ ತೊಳೆಯೋಕೆ ಹೋದಾಗ ನಾನೇ ಎದ್ದು ಹೋಗಿ ಆ ಕೈಯಿಂದ ಲೋಟ ಕಿತ್ಕೊಂಡು, ಪಾತ್ರೇಲಿ ಅದ್ದಿ, ಕುಡಿದೆ.